ಒಸಿಡಿಗೆ ಎಂಆರ್‌ಐ ಮಾಡಿಸಬೇಕಾ?

ನಿಮ್ಮ ತಮ್ಮನಿಗೆ ಒಸಿಡಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಇದೆ, ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದರೆ ಮೆದುಳಿನಲ್ಲಿ ಸೆರೊಟೋನಿನ್ ಎಂಬ ಕೆಮಿಕಲ್ ಎಷ್ಟು ಕಡಿಮೆ ಅಂತ ಗೊತ್ತಾಗುತ್ತದಾ ಎಂದು ಕೇಳಿದ್ದೀರಿ. ಇಲ್ಲ, ಅದಕ್ಕೋಸ್ಕರ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ಮಾಮೂಲಿ ಎಂಆರ್‌ಐ ತೋರಿಸುವುದು ಮೆದುಳಿನ ಆಕಾರವನ್ನು.

ಕೆಮಿಕಲ್ ಅಳೆಯುವುದಕ್ಕೆ ಎಂಆರ್ ಸ್ಪೆಕ್ಟ್ರೋಸ್ಕೋಪಿ ಅಂತ ಒಂದು ವಿಧಾನ ಇದೆ. ಅದರಲ್ಲೂ ಸೆರೊಟೋನಿನ್ ಕಾಣುವುದಿಲ್ಲ, ಪ್ರಮಾಣ ತೀರಾ ಕಡಿಮೆ. ಚಿತ್ರದ ಬದಲು ಒಂದು ಗ್ರಾಫ್ ಬರುತ್ತದೆ, ಒಂದೊಂದು ಕೆಮಿಕಲ್‌ಗೆ ಒಂದೊಂದು ಕಡೆ ಗೆರೆ ಮೇಲೇಳುತ್ತದೆ, ಆದರೆ ಗ್ಲುಟಮೇಟ್ ಮತ್ತು ಗ್ಲುಟಮಿನ್ ಎಂಬ ಎರಡು ಕೆಮಿಕಲ್‌ಗಳ ಗೆರೆ ಎಷ್ಟು ಹತ್ತಿರ ಅಂದರೆ 1.5 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ) ಮೆಷಿನ್‌ನಲ್ಲಿ ಯಕ್ಷಗಾನ ಜೋಡಾಟದ ಎರಡು ಮೇಳದ ಚೆಂಡೆ ಒಟ್ಟಿಗೆ ಕೇಳಿದ ಹಾಗೆ. ಯಾವುದು ಯಾರದ್ದು ಅಂತ ಹೇಳುವುದೇ ಕಷ್ಟ. 7 ಟೆಸ್ಲಾದಲ್ಲಿ ಚೆನ್ನಾಗಿ ಬೇರೆಯಾಗುತ್ತವೆ. 2023ರಲ್ಲಿ ಕೇಂಬ್ರಿಜ್‌ನವರು ಹೀಗೆ 31 ಒಸಿಡಿ ರೋಗಿಗಳನ್ನೂ 30 ಆರೋಗ್ಯವಂತರನ್ನೂ ನೋಡಿದರು. ರೋಗಿಗಳ ಮೆದುಳಿನ ಮುಂಭಾಗದ ಆಂಟೀರಿಯರ್ ಸಿಂಗ್ಯುಲೇಟ್‌ನಲ್ಲಿ ಗ್ಲುಟಮೇಟ್ ಜಾಸ್ತಿ, ಗಾಬಾ ಎಂಬ ಇನ್ನೊಂದು ಕೆಮಿಕಲ್ ಕಡಿಮೆ ಇತ್ತು. ಆದರೆ ಅದು ಗುಂಪಿನ ಸರಾಸರಿ, ಅಲ್ವಾ? ಒಬ್ಬರ ಗ್ರಾಫ್ ನೋಡಿ ಇವರಿಗೆ ಒಸಿಡಿ ಎನ್ನಲು ಆಗುವುದಿಲ್ಲ.

ಸೈಕಿಯಾಟ್ರಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, ಕೂತು ಮಾತಾಡಿಯೇ ಅವರು ಕಂಡುಹಿಡಿಯುತ್ತಾರೆ. ಮಾತ್ರೆ ಕೆಲಸ ಮಾಡಲು 8ರಿಂದ 12 ವಾರ ಬೇಕು, ನಡುವೆ ಬಿಡಬೇಡಿ. ಇಆರ್‌ಪಿ ಥೆರಪಿಯನ್ನೂ (ಭಯವನ್ನು ಸ್ವಲ್ಪ ಸ್ವಲ್ಪವೇ ಎದುರಿಸಿ, ಮತ್ತೆ ಮತ್ತೆ ಮಾಡುವುದನ್ನು ತಡೆದುಕೊಳ್ಳಲು ಕಲಿಸುವುದು) ಕೇಳಿ. ನಮ್ಮ ಚಿಕ್ಕಮ್ಮ ಗ್ಯಾಸ್ ಆಫ್ ಮಾಡಿದ್ದೇನಾ ಅಂತ ಪಡುಬಿದ್ರಿಯಲ್ಲಿ ಬಸ್ಸಿಳಿದು ಉಡುಪಿಗೆ ವಾಪಸ್ ಹೋಗುತ್ತಿದ್ದವರು, ಒಂದು ಸ್ಕ್ಯಾನ್ ಕೂಡ ಇಲ್ಲದೆ ಸುಧಾರಿಸಿದರು.