ಓದುಗರ ಪ್ರಶ್ನೆ: ಕೊರೆಯುವ ಚಳಿಯಲ್ಲಿ ಟ್ರ್ಯಾಕ್ಟರ್, ಬ್ಲಾಕ್ ಹೀಟರ್

ಪ್ರಶ್ನೆ: ಮೈನಸ್ 15 ಡಿಗ್ರಿ ಆಸುಪಾಸಿನ ಚಳಿ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಮುಲುಕುತ್ತಾ ತಿರುಗುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಬ್ಲಾಕ್ ಹೀಟರ್ ಹಾಕಿಸಿದರೆ ಸರಿಹೋದೀತೇ? ಯಾವ ಬಗೆಯದು ಹಾಕಿಸಬೇಕು?

ಉತ್ತರ: ಬಿಳಿ ಹೊಗೆ ಬರುತ್ತಿದೆ ಎಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರನೇ ಒಂದರಿಂದ ಇಪ್ಪತ್ತನೇ ಒಂದು ಭಾಗಕ್ಕೆ ಒತ್ತಿದಾಗ ಹುಟ್ಟುವ ಕಾವೇ ಡೀಸೆಲನ್ನು ಹೊತ್ತಿಸಬೇಕು. ಕಬ್ಬಿಣ ಕೊರೆಯುತ್ತಿದ್ದರೆ ಆ ಕಾವನ್ನು ಅದೇ ಹೀರಿಬಿಡುತ್ತದೆ. ಎಂಜಿನ್ ನಿಧಾನ ತಿರುಗಿದಷ್ಟೂ ಹೀರಲು ಹೆಚ್ಚು ಹೊತ್ತು ಸಿಗುತ್ತದೆ, ರಿಂಗುಗಳ ಸಂದಿನಿಂದ ಗಾಳಿಯೂ ಸೋರುತ್ತದೆ. ಸಾಲದ್ದಕ್ಕೆ ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿಗೆ ಸುಮಾರು ಅರ್ಧ ಬಲವಷ್ಟೇ ಉಳಿದಿರುತ್ತದೆ, ಎಂಜಿನ್ ಆಯಿಲ್ ಜೇನುತುಪ್ಪದಂತೆ ಮಂದವಾಗಿರುತ್ತದೆ.

ಬ್ಲಾಕ್ ಹೀಟರ್ ಎಂದರೆ ಎಂಜಿನ್ನಿನ ಎರಕದ ಮೈಗೆ (ಬ್ಲಾಕ್) ಕೂರಿಸುವ ಕರೆಂಟಿನ ಹೀಟರ್. ಅದರಿಂದ ಖಂಡಿತ ಉಪಯೋಗವಿದೆ. ಆದರೆ ಅದು ಬಿಸಿ ಮಾಡುವುದು ಕೂಲೆಂಟನ್ನು (ಎಂಜಿನ್ ತಂಪಿಡುವ ದ್ರವ), ಅದರ ಮೂಲಕ ಸಿಲಿಂಡರ್ ಗೋಡೆಯನ್ನು. ಬ್ಯಾಟರಿ, ಡೀಸೆಲ್ ಟ್ಯಾಂಕ್, ಗೇರ್‌ಬಾಕ್ಸ್ ಆಯಿಲ್ ಇವಕ್ಕೆ ಅದರ ಕಾವು ತಲುಪುವುದಿಲ್ಲ. ಚೇಂಬರಿನ, ಎಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿಯ, ಆಯಿಲಿಗೂ ಅಷ್ಟಕ್ಕಷ್ಟೆ. ಆದ್ದರಿಂದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಕಂಪನಿ ಪುಸ್ತಕ ಒಪ್ಪುವುದಾದರೆ 15ಡಬ್ಲ್ಯು-40 ಬದಲು ಚಳಿಯಲ್ಲಿ ಅಷ್ಟು ಮಂದವಾಗದ 5ಡಬ್ಲ್ಯು-40 ಆಯಿಲ್ ಹಾಕಿ. ಸೆಲ್ಫ್ ಹೊಡೆಯುವಾಗ ಕ್ಲಚ್ ಪೂರ್ತಿ ಒತ್ತಿದರೆ ಗೇರ್‌ಬಾಕ್ಸಿನ ದಪ್ಪ ಎಣ್ಣೆಯನ್ನು ಕಲಕುವ ಭಾರ ಎಂಜಿನ್ ಮೇಲೆ ಬೀಳುವುದಿಲ್ಲ.

ಬಗೆಗಳ ವಿಷಯ. ಅಮೆರಿಕದ ಉತ್ತರ ಡಕೋಟಾದ ಆ್ಯಂಡ್ರ್ಯೂ ಫ್ರೀಮನ್ 1949ರಲ್ಲಿ ಪೇಟೆಂಟ್ ಪಡೆದ ಹೀಟರ್ ಸಿಲಿಂಡರ್ ಹೆಡ್ಡಿನ ಒಂದು ಬೋಲ್ಟಿನ ಜಾಗದಲ್ಲಿ ಕೂರುತ್ತಿತ್ತು. ಈಗ ಹೆಚ್ಚು ಬಳಕೆಯಲ್ಲಿರುವುದು ಬ್ಲಾಕಿನ ವೆಲ್ಚ್ ಪ್ಲಗ್ (ಎರಕದ ತೂತು ಮುಚ್ಚಿರುವ ತಗಡಿನ ಬಿಲ್ಲೆ) ತೆಗೆದು ಆ ತೂತಿಗೆ ಕೂರಿಸುವ ಹೀಟರ್. ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ 500ರಿಂದ 1000 ವ್ಯಾಟಿನದು ಸಾಕು. ಆ ತೂತಿಗೆ ಕೈ ಹೋಗದಿದ್ದರೆ ಹೊರಗೆ ಕೂರಿಸುವ ಟ್ಯಾಂಕ್ ಹೀಟರ್ ಇದೆ. ಅದರ ಒಳಹರಿವು ಬ್ಲಾಕಿನ ತಳದ ಡ್ರೈನ್ ಜಾಗದಿಂದ ಬರಬೇಕು, ಹೊರಹರಿವು ಹೆಡ್ಡಿನ ಹತ್ತಿರ ಎತ್ತರಕ್ಕೆ ಹೋಗಬೇಕು. ಪಂಪಿಲ್ಲದ ಮಾದರಿಯಲ್ಲಿ ಬಿಸಿನೀರು ತಾನೇ ಮೇಲೇರುವುದರಿಂದ ಹೋಸ್ ಎಲ್ಲೂ ಜೋತುಬೀಳಬಾರದು. ಒಂದು ಕಡೆ ಬಾಗಿದರೂ ಅಲ್ಲಿ ಹರಿವು ನಿಂತು ಹೀಟರ್ ಒಂದೇ ಕುದಿಯುತ್ತದೆ. ಡಿಪ್‌ಸ್ಟಿಕ್ ಜಾಗಕ್ಕೆ ತೂರಿಸುವ ಹೀಟರಿಗೆ ಹಣ ಹಾಕಬೇಡಿ. ಆಯಿಲ್ ಬಿಸಿಯಾಗಲೇಬೇಕೆಂದಿದ್ದರೆ ಚೇಂಬರಿನ ಹೊರತಳಕ್ಕೆ ಅಂಟಿಸುವ 125ರಿಂದ 250 ವ್ಯಾಟಿನ ಸಿಲಿಕೋನ್ ಪ್ಯಾಡ್ ಒಳ್ಳೆಯದು.

ಪ್ರಶ್ನೆ: ವೆಲ್ಚ್ ಪ್ಲಗ್ ಜಾಗಕ್ಕೆ ಹೀಟರನ್ನು ನಾವೇ ಕೂರಿಸಬಹುದೇ? ಎಲ್ಲಿ ತಪ್ಪುತ್ತದೆ?

ಉತ್ತರ: ಕೂರಿಸಬಹುದು. ಅರ್ಧ ದಿನದ ಕೆಲಸ. ಮೊದಲು ಯಾವ ತೂತಿಗೆ ಎಂಬುದನ್ನು ಎಂಜಿನ್ನಿನ ಬಿಡಿಭಾಗಗಳ ಪುಸ್ತಕದಲ್ಲಿ ನೋಡಿ. ಎಲ್ಲ ತೂತಿನ ಹಿಂದೆಯೂ ಹೀಟರಿನ ಬಿಸಿಯಾಗುವ ಕಾಯಿಲ್ ಹಿಡಿಸುವಷ್ಟು ಜಾಗ ಇರುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮತ್ತು ಬ್ಲಾಕ್ ಎರಡರ ಡ್ರೈನನ್ನೂ ತೆರೆದು ಕೂಲೆಂಟ್ ಇಳಿಸಿ. ವೆಲ್ಚ್ ಪ್ಲಗ್ಗಿನ ಒಂದು ಅಂಚಿಗೆ ಮೊಂಡು ಪಂಚ್ ಇಟ್ಟು ಸಣ್ಣಗೆ ಬಡಿಯಿರಿ. ಅದು ಬಾಗಿಲಿನಂತೆ ಅಡ್ಡ ತಿರುಗುತ್ತದೆ. ಆಗ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ನಡುವೆ ಜೋರಾಗಿ ಹೊಡೆದರೆ ಪ್ಲಗ್ ಬ್ಲಾಕಿನೊಳಗೆ ಬೀಳುತ್ತದೆ, ಹೊರತೆಗೆಯುವುದು ದೊಡ್ಡ ಪಾಡು. ಒಳಗಿನ ತುಕ್ಕು, ಕೆಸರನ್ನು ಕೆರೆದು ತೊಳೆಯಿರಿ. ತೂತಿನ ಅಂಚನ್ನು ಎಮರಿ ಕಾಗದದಿಂದ ಬೆರಳಿಗೆ ನುಣ್ಣಗೆ ಹತ್ತುವವರೆಗೆ ಉಜ್ಜಿ. ಮುಂದೆ ಕೂಲೆಂಟ್ ಸೋರಿದರೆ ಸಾಮಾನ್ಯವಾಗಿ ಈ ಅಂಚು ಒರಟಾಗಿ ಉಳಿದದ್ದೇ ಕಾರಣ.

ಓ ರಿಂಗಿಗೆ ಕೂಲೆಂಟನ್ನೇ ಸವರಿ ಹೀಟರನ್ನು ನೇರ ಒತ್ತಿ. ಸ್ಕ್ರೂ ಬಿಗಿಯುವ ಮುನ್ನ ಎಡಕ್ಕೆ ಬಲಕ್ಕೆ ತುಸು ಆಡಿಸಿ ನೋಡಿ. ಕಾಯಿಲ್ ಸಿಲಿಂಡರ್ ಗೋಡೆಗಾಗಲಿ ಎರಕದ ಮೈಗಾಗಲಿ ತಾಗಬಾರದು, ತಾಗಿದ ಜಾಗದಲ್ಲಿ ಸುಟ್ಟುಹೋಗುತ್ತದೆ. ಕಾಯಿಲಿನ ಬಾಗು ಯಾವ ಕಡೆಗಿರಬೇಕು, ಸ್ಕ್ರೂ ಎಷ್ಟು ಬಿಗಿಯಬೇಕು ಎಂಬುದು ಹೀಟರ್ ಜೊತೆಗಿನ ಚೀಟಿಯಲ್ಲಿರುತ್ತದೆ. ಅದಕ್ಕಿಂತ ಒಂದು ಸುತ್ತೂ ಹೆಚ್ಚು ಬೇಡ.

ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಸಮ ಬೆರೆಸಿ ತುಂಬಿ. ಒಟ್ಟು 14 ಲೀಟರ್ ಹಿಡಿಯುವ ಎಂಜಿನ್ನಾದರೆ 7ಕ್ಕೆ 7. ಈ ಮಿಶ್ರಣ ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಗ್ಲೈಕಾಲ್ ಹೆಚ್ಚಾದಷ್ಟೂ ಒಳ್ಳೆಯದೆಂದು ನೀರು ಬೆರೆಸದೆ ಸುರಿಯುವವರಿದ್ದಾರೆ. ನೀರಿಲ್ಲದ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರು ಹಾಕಿದರೆ ಅದರ ಸುಣ್ಣ ಕಾಯಿಲಿನ ಮೇಲೆ ಪದರಗಟ್ಟಿ, ಕಾವು ನೀರಿಗೆ ಇಳಿಯದೆ ಕಾಯಿಲೇ ಬೇಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಕೂಲೆಂಟ್ ತುಂಬಿದ ಕೂಡಲೇ ಹೀಟರಿನ ಕರೆಂಟ್ ಪ್ಲಗ್ ಚುಚ್ಚಬೇಡಿ. ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿಯಲ್ಲಿ ನಿಂತ ಕಾಯಿಲ್ ಕೆಲವೇ ಸೆಕೆಂಡಿನಲ್ಲಿ ಹೋಗುತ್ತದೆ. ಎಂಜಿನ್ ಓಡಿಸಿ, ರೇಡಿಯೇಟರಿನ ಮೇಲಿನ ಹೋಸ್ ಕೈಗೆ ಬಿಸಿ ಹತ್ತುವವರೆಗೆ, ಎಂದರೆ ಥರ್ಮೋಸ್ಟಾಟ್ ತೆರೆಯುವವರೆಗೆ ಬಿಡಿ. ಆರಿದ ಮೇಲೆ ಮುಚ್ಚಳ ತೆಗೆದು ಕಡಿಮೆಯಾದಷ್ಟು ತುಂಬಿ. ಆಮೇಲೆ ಕರೆಂಟ್ ಕೊಡಿ. ಸ್ವಲ್ಪ ಹೊತ್ತಿಗೆ ಬ್ಲಾಕಿನ ಹತ್ತಿರ ಕಿವಿಯಿಟ್ಟರೆ, ಒಲೆಯ ಮೇಲಿನ ನೀರು ಕುದಿಯುವುದಕ್ಕೆ ಮುಂಚೆ ಸೊಂಯ್‌ಗುಟ್ಟುತ್ತದಲ್ಲ, ಆ ಸದ್ದು ಸಣ್ಣಗೆ ಕೇಳುತ್ತದೆ.

ಪ್ರಶ್ನೆ: ರಾತ್ರಿಯಿಡೀ ಹಾಕಿಡಬೇಕೇ?

ಉತ್ತರ: ಬೇಡ. 300 ಕಿಲೋ ಎರಕದ ಕಬ್ಬಿಣ, 15 ಲೀಟರ್ ಕೂಲೆಂಟ್ ಎಂದಿಟ್ಟುಕೊಳ್ಳಿ. ಇಷ್ಟನ್ನೂ 1000 ವ್ಯಾಟಿನ ಹೀಟರ್ ಲೆಕ್ಕದ ಪ್ರಕಾರ ಗಂಟೆಗೆ 19 ಡಿಗ್ರಿಯಷ್ಟು ಏರಿಸಬಲ್ಲದು. ಗಾಳಿಗೆ ಹೋಗುವ ಕಾವು ಕಳೆದರೂ ಎರಡು ಮೂರು ಗಂಟೆ ಸಾಕು, ತೀರಾ ಚಳಿಯಲ್ಲಿ ನಾಲ್ಕು. ಆಮೇಲೆ ಹೀಟರ್ ಕೊಟ್ಟದ್ದನ್ನೆಲ್ಲ ಗಾಳಿ ಒಯ್ಯುತ್ತದೆ. 12 ಗಂಟೆ ಹಾಕಿದರೆ 12 ಯೂನಿಟ್, 3 ಗಂಟೆಗೆ 3 ಯೂನಿಟ್. ಟೈಮರ್ ಹಾಕಿ. ಬಾನೆಟ್ ಮೇಲೆ, ರೇಡಿಯೇಟರ್ ಮುಂದೆ ದಪ್ಪ ಹೊದಿಕೆ ಹಾಕಿದರೆ ಇನ್ನೂ ಬೇಗ ಆಗುತ್ತದೆ. ಸ್ಟಾರ್ಟ್ ಮಾಡುವ ಮುನ್ನ ಅದನ್ನು ತೆಗೆಯಲು ಮರೆಯಬೇಡಿ.

ವೈರ್ ಮೂರು ಎಳೆಯದು, ಅರ್ಥ್ ಇರುವಂಥದ್ದು, ಹೊರಗಿನ ಬಳಕೆಯದು ಆಗಿರಲಿ. 1000 ವ್ಯಾಟಿಗೆ 230 ವೋಲ್ಟಿನಲ್ಲಿ 4.3 ಆಂಪಿಯರ್, 120 ವೋಲ್ಟಿನಲ್ಲಿ 8.3 ಆಂಪಿಯರ್ ಹರಿಯುತ್ತದೆ. 25 ಮೀಟರ್ ಉದ್ದಕ್ಕೆ ಮೊದಲನೆಯದಕ್ಕೆ 1.5, ಎರಡನೆಯದಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿ. ಸುರುಳಿ ಸುತ್ತಿದಂತೆಯೇ ಬಳಸಿದರೆ ಒಳಸುತ್ತುಗಳು ಬಿಸಿಯಾಗಿ ಕರಗುತ್ತವೆ. ವೈರನ್ನು ಸ್ಟೀರಿಂಗಿಗೆ ಒಂದು ಸುತ್ತು ಹಾಕಿಯೇ ಪ್ಲಗ್ ಚುಚ್ಚುವ ರೂಢಿ ಮಾಡಿಕೊಳ್ಳಿ. ಬಿಡಿಸದೆ ಗಾಡಿ ಎಳೆದುಕೊಂಡು ಹೋಗುವ ಪ್ರಮೇಯವೇ ಬರುವುದಿಲ್ಲ.

ಪ್ರಶ್ನೆ: ಹೀಟರ್ ಹಾಕಿದ ಮೇಲೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಆದರೆ ಎರಡು ಮೂರು ನಿಮಿಷಕ್ಕೆ ಉಸಿರು ಕಟ್ಟಿದಂತೆ ನಿಂತುಹೋಗುತ್ತದೆ.

ಉತ್ತರ: ಎಂಜಿನ್ ಬೆಚ್ಚಗಿದೆ, ಡೀಸೆಲ್ ತಣ್ಣಗಿದೆ. ಡೀಸೆಲಿನಲ್ಲಿ ಕರಗಿರುವ ಮೇಣ ಚಳಿಗೆ ಹರಳಾಗಿ ಫಿಲ್ಟರ್ ಕಟ್ಟುತ್ತದೆ. ಪೈಪಿನಲ್ಲಿದ್ದಷ್ಟು ಡೀಸೆಲಿನಲ್ಲಿ ಓಡಿ ಎಂಜಿನ್ ನಿಲ್ಲುತ್ತದೆ. ಪರೀಕ್ಷೆ ಸುಲಭ: ಟ್ಯಾಂಕಿನ ಡೀಸೆಲನ್ನೇ ಒಂದು ಗಾಜಿನ ಬಾಟಲಿಗೆ ಹಿಡಿದು ರಾತ್ರಿ ಟ್ರ್ಯಾಕ್ಟರ್ ಪಕ್ಕದಲ್ಲೇ ಇಡಿ. ಬೆಳಿಗ್ಗೆ ಗಂಜಿ ತಿಳಿಯಂತೆ ಮಬ್ಬಾಗಿದ್ದರೆ ಅದೇ ಕಾರಣ. ಚಳಿಗಾಲದ ಡೀಸೆಲ್ ತುಂಬಿಸಿ, ಇಲ್ಲವೇ ಮೇಣ ಗಟ್ಟದಂತೆ ತಡೆಯುವ ದ್ರಾವಣ ಬೆರೆಸಿ. ಅದನ್ನು ಡೀಸೆಲ್ ತಿಳಿಯಾಗಿರುವಾಗಲೇ ಬೆರೆಸಬೇಕು, ಗಟ್ಟಿದ ಮೇಣವನ್ನು ಅದು ಕರಗಿಸುವುದಿಲ್ಲ. ಪೆಟ್ರೋಲ್ ಮಾತ್ರ ಸುರಿಯಬೇಡಿ. ಫಿಲ್ಟರ್ ಬಟ್ಟಲಿನ ನೀರನ್ನು ಸಂಜೆಯೇ ಇಳಿಸಿ, ಅದೂ ಹೆಪ್ಪುಗಟ್ಟಿ ಇದೇ ತೊಂದರೆ ಕೊಡುತ್ತದೆ.

ಪ್ರಶ್ನೆ: ಕಳೆದ ಚಳಿಗಾಲ ಚೆನ್ನಾಗಿದ್ದ ಹೀಟರ್ ಈಗ ಬಿಸಿಯೇ ಆಗುತ್ತಿಲ್ಲ.

ಉತ್ತರ: ಪ್ಲಗ್ ಕಳಚಿ ಅದರ ಅರ್ಥ್ ಪಿನ್ ಬಿಟ್ಟು ಉಳಿದೆರಡು ಪಿನ್ ನಡುವೆ ಮಲ್ಟಿಮೀಟರಿನಲ್ಲಿ ಓಮ್ ನೋಡಿ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಎಷ್ಟು ಬರಬೇಕೆಂದು ತಿಳಿಯುತ್ತದೆ: 230 ವೋಲ್ಟ್, 1000 ವ್ಯಾಟಿನದಕ್ಕೆ ಸುಮಾರು 53 ಓಮ್, 120 ವೋಲ್ಟಿನದಕ್ಕೆ 14. ಏನೂ ತೋರಿಸದಿದ್ದರೆ ವೈರ್ ಬಿಚ್ಚಿ ಹೀಟರಿನ ಪಿನ್ನಿನಲ್ಲೇ ಅಳೆಯಿರಿ. ಎಷ್ಟೋ ಸಲ ಕಾಯಿಲ್ ಸರಿಯಿದ್ದು, ಪಿನ್ ಹಸಿರುಗಟ್ಟಿಯೋ ವೈರ್ ಒಳಗೇ ತುಂಡಾಗಿಯೋ ಇರುತ್ತದೆ. ಆ ಎರಡರಲ್ಲಿ ಯಾವುದಾದರೂ ಪಿನ್ನಿಗೂ ಎಂಜಿನ್ ಮೈಗೂ ನಡುವೆ ಸಂಪರ್ಕ ತೋರಿಸಿದರೆ ಕಾಯಿಲಿನ ಕವಚ ಒಡೆದಿದೆ. ಶಾಕ್ ಹೊಡೆಯುವ ಹೀಟರ್ ಅದು, ಬದಲಿಸಲೇಬೇಕು.

ಪ್ರಶ್ನೆ: ಹೀಟರ್ ಇಲ್ಲದ ದಿನ ಈಥರ್ ಸ್ಪ್ರೇ ಹೊಡೆಯಬಹುದೇ? ಚೇಂಬರ್ ಕೆಳಗೆ ಬೆಂಕಿ ಹಾಕಬಹುದೇ?

ಉತ್ತರ: ಗ್ಲೋ ಪ್ಲಗ್ (ಸ್ಟಾರ್ಟಿಗೆ ಮುನ್ನ ಸಿಲಿಂಡರಿನೊಳಗೆ ಕಾಯುವ ಕಡ್ಡಿ) ಅಥವಾ ಗಾಳಿ ಬಿಸಿ ಮಾಡುವ ಗ್ರಿಡ್ ಇರುವ ಎಂಜಿನ್ನಿಗೆ ಈಥರ್ ಕೂಡದು. ಕಾದು ಕೆಂಪಾದ ತಂತಿಗೆ ತಾಗಿ ಮ್ಯಾನಿಫೋಲ್ಡಿನಲ್ಲೇ ಸಿಡಿಯುತ್ತದೆ, ಇಲ್ಲವೇ ಹೊತ್ತಿಗೆ ಮುಂಚೆ ಹೊತ್ತಿ ಪಿಸ್ಟನ್ ಒಡೆಯುತ್ತದೆ. ಬೆಂಕಿಯಂತೂ ಬೇಡವೇ ಬೇಡ, ಎಣ್ಣೆ ಜಿಡ್ಡಿರುವ ಯಂತ್ರ ಅದು.

ಪ್ರಶ್ನೆ: ನಮ್ಮಲ್ಲಿ ಎಷ್ಟೇ ಚಳಿಯೆಂದರೂ 8–10 ಡಿಗ್ರಿ. ಆದರೂ ಬೆಳಿಗ್ಗೆ ಸ್ಟಾರ್ಟ್ ತೊಂದರೆ. ಹೀಟರ್ ಬೇಕೇ?

ಉತ್ತರ: ಬೇಡ. ಅಷ್ಟು ಚಳಿಗೆ ಒಳ್ಳೆಯ ಡೀಸೆಲ್ ಎಂಜಿನ್ ಹೀಟರಿಲ್ಲದೆ ಹತ್ತಲೇಬೇಕು. ಹೀಟರ್ ಹಾಕಿದರೆ ರೋಗ ಮುಚ್ಚಿಹೋಗುತ್ತದಷ್ಟೆ. ಬೆಳಿಗ್ಗೆ ಬ್ಯಾಟರಿ 12.6 ವೋಲ್ಟಿನ ಸುಮಾರು ಇದೆಯೇ ನೋಡಿ. ಟರ್ಮಿನಲ್, ಅರ್ಥ್ ಪಟ್ಟಿ ಎರಡನ್ನೂ ಬಿಚ್ಚಿ ಉಜ್ಜಿ ಕೂರಿಸಿ. ಗ್ಲೋ ಪ್ಲಗ್ ಇದ್ದರೆ ಒಂದೊಂದನ್ನೂ ಅಳೆಯಿರಿ, ಸಂಪರ್ಕವೇ ತೋರಿಸದದ್ದು ಸುಟ್ಟಿದೆ. ಬಳಿಕ ಡೀಸೆಲ್ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿ. ಗುಳ್ಳೆ ಬಂದರೆ ರಾತ್ರಿ ಏರ್ ಹಿಡಿಯುತ್ತಿದೆ. ಟ್ಯಾಂಕಿನಿಂದ ಫಿಲ್ಟರಿನವರೆಗಿನ ತಾಮ್ರದ ವಾಷರುಗಳನ್ನೆಲ್ಲ ಹೊಸದಾಗಿ ಹಾಕಿ. ಇದಿಷ್ಟೂ ಸರಿಯಿದ್ದೂ ಹತ್ತದಿದ್ದರೆ ಟ್ಯಾಪೆಟ್ ಗ್ಯಾಪ್ ಹೊಂದಿಸಿ ಕಂಪ್ರೆಷನ್ ಅಳೆಸಿ.