ಹೊಸ ಕೋಚ್ ಬಂದಿದ್ದಾರೆ, ಕಪ್ ಯಾವಾಗ?

ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫುಟ್‌ಬಾಲಿನವೇ. ಒಬ್ಬರು ಬೆಂಗಳೂರು ಎಫ್‌ಸಿ ಅಭಿಮಾನಿ, ಇನ್ನೊಬ್ಬರು ಲಿವರ್‌ಪೂಲ್, ಮತ್ತೊಬ್ಬರಿಗೆ ಊರಿನ ತಂಡದ್ದೇ ಚಿಂತೆ. ತಂಡವನ್ನು ಬಿಚ್ಚಿ ಮತ್ತೆ ಕಟ್ಟುತ್ತಿರುವಾಗ ಏನನ್ನು ಕೇಳಬೇಕು, ಎಲ್ಲಿಯವರೆಗೆ ಕಾಯಬೇಕು ಎಂಬುದು ಎಲ್ಲರ ಪ್ರಶ್ನೆ.

ನಮ್ಮ ತಂಡಕ್ಕೆ ಹೊಸ ಕೋಚ್ ಬಂದು ಎಂಟು ಪಂದ್ಯ ಆಯ್ತು ಸಾರ್. ಎರಡು ಗೆಲುವು, ಎರಡು ಡ್ರಾ, ನಾಲ್ಕು ಸೋಲು. ಟೀ ಅಂಗಡಿಯಲ್ಲಿ ಅರ್ಧ ಜನ ‘ಕಳಿಸಿಬಿಡಲಿ’ ಅಂತಾರೆ, ಇನ್ನರ್ಧ ‘ಟೈಮ್ ಕೊಡಿ’ ಅಂತಾರೆ. ಯಾರ ಮಾತು ಸರಿ?
— ಓದುಗರು, ಹಾಸನ

ಎಂಟು ಪಂದ್ಯದ ಅಂಕ ನೋಡಿ ಎರಡರಲ್ಲಿ ಯಾವ ಮಾತನ್ನೂ ಹೇಳಲಾಗದು. ಫುಟ್‌ಬಾಲಿನಲ್ಲಿ ಗೋಲು ಬೀಳುವುದೇ ಕಡಿಮೆ. ಒಂದು ಪೆನಾಲ್ಟಿ, ಕಂಬಕ್ಕೆ ಬಡಿದು ಹೊರಹೋದ ಒಂದು ಚೆಂಡು ಸಾಕು, ಗೆಲುವಿನ ಮೂರು ಅಂಕ ಡ್ರಾದ ಒಂದಾಗಿಬಿಡುತ್ತದೆ. ಆ ಎಂಟರಲ್ಲಿ ತವರಿನಲ್ಲಿ ಆಡಿದ್ದೆಷ್ಟು, ಪಟ್ಟಿಯ ಮೇಲ್ತುದಿಯ ತಂಡಗಳ ಎದುರು ಆಡಿದ್ದೆಷ್ಟು ಎಂದು ಮೊದಲು ಬಿಡಿಸಿ ನೋಡಿ. ಐದು ಪಂದ್ಯ ಹೊರಊರಿನಲ್ಲಿ, ಅದರಲ್ಲಿ ಮೂರು ಬಲಿಷ್ಠ ತಂಡಗಳ ಎದುರು ಆಗಿದ್ದರೆ ಎಂಟು ಅಂಕ ಅಷ್ಟೇನೂ ಕೆಟ್ಟದ್ದಲ್ಲ.

ಮುಂದಿನ ಪಂದ್ಯಕ್ಕೆ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ನಮ್ಮವರು ಚೆಂಡು ಕಳೆದುಕೊಂಡ ಕ್ಷಣದಿಂದ ಮನಸ್ಸಿನಲ್ಲೇ ಆರರವರೆಗೆ ಎಣಿಸಿ. ಅಷ್ಟರೊಳಗೆ ಇಬ್ಬರು ಮೂವರು ಸೇರಿ ಎದುರಾಳಿಯ ಮೇಲೆ ಬಿದ್ದರೋ, ಅಥವಾ ಎಲ್ಲರೂ ಒಟ್ಟಾಗಿ ಹಿಂದಕ್ಕೆ ಓಡಿ ಸಾಲು ಕಟ್ಟಿದರೋ ನೋಡಿ. ಎರಡರಲ್ಲಿ ಯಾವುದಾದರೂ ಸರಿಯೇ. ಒಬ್ಬ ಮುನ್ನುಗ್ಗಿ, ಪಕ್ಕದವನು ನಿಂತು, ಮೂರನೆಯವನು ಹಿಂದಕ್ಕೆ ಸರಿದರೆ ಮಧ್ಯೆ ಗದ್ದೆಯಷ್ಟು ಜಾಗ ಬಿಟ್ಟಂತೆ. ಕೋಚ್ ಹೇಳಿಕೊಟ್ಟದ್ದು ಹುಡುಗರ ಕಾಲಿಗೆ ಇಳಿದಿಲ್ಲ ಎಂಬುದು ಮೊದಲು ಕಾಣುವುದು ಅಲ್ಲೇ. ಮೊದಲ ಪಂದ್ಯದಲ್ಲಿ ಹತ್ತು ಸಲಕ್ಕೆ ಮೂರು ಸಲ ಒಟ್ಟಾಗಿ ಓಡಿದವರು ಎಂಟನೆಯ ಪಂದ್ಯದಲ್ಲಿ ಆರು ಸಲ ಓಡಿದರೆ, ಸೋತಿದ್ದರೂ ತಂಡ ಕಟ್ಟಿಕೊಳ್ಳುತ್ತಿದೆ ಎಂದೇ ಅರ್ಥ.

ಇನ್ನೊಂದು ಲೆಕ್ಕ ಇಡಿ: ಎದುರಾಳಿಗೆ ನಮ್ಮ ಪೆನಾಲ್ಟಿ ಬಾಕ್ಸಿನ ಒಳಗೆ, ಕಂಬಗಳ ನಡುವಿನ ಅಗಲದಲ್ಲಿ ಸಿಕ್ಕ ಹೊಡೆತಗಳೆಷ್ಟು? ಮೂವತ್ತು ಮೀಟರಿನಿಂದ ಹೊಡೆದ ಹತ್ತಕ್ಕಿಂತ ಎಂಟು ಮೀಟರಿನಿಂದ ಹೊಡೆದ ಎರಡು ಅಪಾಯ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಡಿಫೆಂಡರ್, ಮಿಡ್‌ಫೀಲ್ಡರ್ ಸಾಲುಗಳ ಅಂತರ ಹೇಗಿರುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಸೀಸನ್ ನಡುವೆ ಬಂದ ಕೋಚ್‌ಗೆ ದೇಹ ಹದಗೊಳಿಸಲು ಸಮಯವೇ ಸಿಕ್ಕಿರುವುದಿಲ್ಲ, 70ನೇ ನಿಮಿಷದ ನಂತರ ತಂಡ ಕುಸಿದರೆ ತಪ್ಪು ಅವರೊಬ್ಬರದೇ ಅಲ್ಲ.

ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಆಡುವ ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2023ರ ಡಿಸೆಂಬರಿನಲ್ಲಿ ಕೋಚ್ ಸೈಮನ್ ಗ್ರೇಸನ್ ಹೋಗಿ ಜೆರಾರ್ಡ್ ಸರಗೋಸ ಬಂದರು. ಆ ಸೀಸನ್ ಮುಗಿದಾಗ 22 ಪಂದ್ಯಕ್ಕೆ 22 ಅಂಕ, ಹನ್ನೆರಡು ತಂಡಗಳಲ್ಲಿ 10ನೇ ಸ್ಥಾನ. ಆಗ ‘ಕಳಿಸಿ’ ಎಂದವರ ಕೈಯಲ್ಲಿ ಅಂಕಪಟ್ಟಿ ಇತ್ತು. ಬೇಸಿಗೆಯಲ್ಲಿ ಆಟಗಾರರ ಪೈಕಿ ರಾಹುಲ್ ಭೆಕೆ ಮರಳಿದರು, ಅಲ್ಬೆರ್ಟೊ ನೊಗೆರಾ, ಎಡ್ಗರ್ ಮೆಂಡೆಜ್ ಬಂದರು, ಸೀಸನ್‌ಗೆ ಮುಂಚಿನ ಪೂರ್ತಿ ತಯಾರಿ ಕೋಚ್‌ಗೆ ಸಿಕ್ಕಿತು. 2024ರ ಸೆಪ್ಟೆಂಬರಿನಲ್ಲಿ ಮೋಹನ್ ಬಾಗಾನ್ ತಂಡವನ್ನು 3–0ಯಿಂದ ಸೋಲಿಸಿದ್ದು ಆ ತಯಾರಿಯ ಫಲ. 24 ಪಂದ್ಯಕ್ಕೆ 38 ಅಂಕ, ಮೂರನೇ ಸ್ಥಾನ, ಫೈನಲ್. ಪಂದ್ಯಕ್ಕೆ 1.0 ಅಂಕ ಇದ್ದದ್ದು 1.58 ಆಯಿತು. ಫೈನಲ್‌ನಲ್ಲಿ ಅದೇ ಬಾಗಾನ್ ಹೆಚ್ಚುವರಿ ಸಮಯದಲ್ಲಿ 2–1ರಿಂದ ಗೆದ್ದಿತು, ಆ ನೋವು ಬೇರೆ.

ಕಾಫಿ ಗಿಡವನ್ನು ಬುಡದ ಹತ್ತಿರ ಕಡಿದು ಸ್ಟಂಪ್ ಮಾಡಿದರೆ ಎರಡು ಮೂರು ವರ್ಷ ಫಸಲಿಗೆ ಕಾಯುತ್ತೇವೆ. ಫುಟ್‌ಬಾಲ್ ತಂಡವನ್ನು ಕಡಿದು ಕಟ್ಟಿದರೆ ಎಷ್ಟು ವರ್ಷ ಕಾಯಬೇಕು?
— ಓದುಗರು, ಮೂಡಿಗೆರೆ

ಹೆಚ್ಚುಕಡಿಮೆ ನಿಮ್ಮ ತೋಟದ ಲೆಕ್ಕವೇ. ಕಾರಣ ಮಾತ್ರ ಒಪ್ಪಂದಗಳು. ದೊಡ್ಡ ಕ್ಲಬ್ಬಿನ ಆಟಗಾರರ ಒಪ್ಪಂದ ಸಾಮಾನ್ಯವಾಗಿ ಮೂರರಿಂದ ಐದು ವರ್ಷದ್ದು. ಬೇಡವಾದವರನ್ನು ಮರುದಿನ ಕಳಿಸಲಾಗದು, ದುಬಾರಿ ಸಂಬಳದವರನ್ನು ಕೊಳ್ಳಲು ಬೇರೆ ಕ್ಲಬ್ಬುಗಳು ಹಿಂಜರಿಯುತ್ತವೆ. ಒಂದು ಬೇಸಿಗೆಯಲ್ಲಿ ಕೊಂಡವರಲ್ಲಿ ಮೂರು ನಾಲ್ಕು ಜನ ನೇರ ಹನ್ನೊಂದರೊಳಗೆ ಬಂದರೆ ಅದೇ ಒಳ್ಳೆಯ ವ್ಯಾಪಾರ. ಹೀಗಾಗಿ ಮೊದಲ ಬೇಸಿಗೆ ಜಾಗ ತೆರವು ಮಾಡುವುದಕ್ಕೇ ಹೋಗುತ್ತದೆ, ಎರಡನೆಯದರಲ್ಲಿ ಬೆನ್ನೆಲುಬು, ಅಂದರೆ ಗೋಲ್‌ಕೀಪರ್, ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್), ನಡುವಿನ ಮಿಡ್‌ಫೀಲ್ಡರ್, ಸ್ಟ್ರೈಕರ್.

ಯೂರ್ಗನ್ ಕ್ಲಾಪ್ 2015ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಕೋಚ್ ಆಗಿ ಬಂದರು. ಆ ಸೀಸನ್ 60 ಅಂಕ, 8ನೇ ಸ್ಥಾನ. ಮುಂದಿನ ಎರಡು ಸಲ 4ನೇ ಸ್ಥಾನ. ಹಿಂಬದಿಯ ದೋಷಕ್ಕೆ ಮದ್ದು ಸಿಕ್ಕಿದ್ದು 2018ರಲ್ಲಿ, ಜನವರಿಯಲ್ಲಿ ವರ್ಜಿಲ್ ವಾನ್ ಡೈಕ್, ಜುಲೈಯಲ್ಲಿ ಅಲಿಸನ್. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ 99 ಅಂಕದೊಂದಿಗೆ ಲೀಗ್. 2019ರ ಡಿಸೆಂಬರಿನಲ್ಲಿ ಆರ್ಸೆನಲ್ ಸೇರಿದ ಮಿಕೆಲ್ ಆರ್ಟೆಟಾ ಎರಡು ಸಲ 8ನೇ ಸ್ಥಾನ ಕಂಡು, 5ಕ್ಕೇರಿ, ಆಮೇಲೆ ಎರಡಕ್ಕೆ ಬಂದರು.

ಆದರೆ ಕಾದವರಿಗೆಲ್ಲ ಫಸಲು ಬಂದಿಲ್ಲ. ಕಾದು ಕೆಟ್ಟ ತಂಡಗಳನ್ನು ಯಾರೂ ಉದಾಹರಣೆಗೆ ಎತ್ತಿಕೊಳ್ಳುವುದಿಲ್ಲ, ಅಷ್ಟೆ. ಬೇಗ ಆದದ್ದೂ ಉಂಟು: ಶಾಬಿ ಅಲೊನ್ಸೊ 2022ರ ಅಕ್ಟೋಬರಿನಲ್ಲಿ ಬಂದಾಗ ಜರ್ಮನಿಯ ಲೆವರ್‌ಕೂಸನ್ 17ನೇ ಸ್ಥಾನದಲ್ಲಿತ್ತು. ಆ ಸೀಸನ್ 6ನೇ ಸ್ಥಾನಕ್ಕೇರಿ, ಮರು ಸೀಸನ್ ಒಂದೂ ಲೀಗ್ ಪಂದ್ಯ ಸೋಲದೆ ಚಾಂಪಿಯನ್ ಆಯಿತು. ಅಲ್ಲಿ ಆಟಗಾರರು ಮೊದಲೇ ಒಳ್ಳೆಯವರಿದ್ದರು, ಕೆಟ್ಟಿದ್ದು ವ್ಯವಸ್ಥೆ. ಹಾಗಾಗಿ ನಿಮ್ಮ ತಂಡದಲ್ಲಿ ಬೇರು ಕೊಳೆತಿದೆಯೋ, ಬರೀ ಕೊಂಬೆ ಸವರದೆ ಬಿಟ್ಟಿದ್ದಾರೋ ಎಂದು ಮೊದಲು ತಿಳಿಯಿರಿ. ಹನ್ನೊಂದರಲ್ಲಿ 30 ದಾಟಿದವರು ಆರೇಳು ಜನ ಇದ್ದರೆ ಅದು ಎರಡು ಬೇಸಿಗೆಯ ಕೆಲಸ.

ಹೊಸ ಕೋಚ್ ಗೋಲ್‌ಕೀಪರ್ ಕೈಲಿ ಸಣ್ಣ ಪಾಸ್ ಆಡಿಸ್ತಾರೆ. ಎರಡು ಗೋಲು ಹಾಗೇ ತಿಂದೆವು. ಎತ್ತಿ ಹೊಡೆದರೆ ಏನು ನಷ್ಟ?
— ಓದುಗರು, ಚಿಕ್ಕಮಗಳೂರು

ಎತ್ತಿ ಹೊಡೆದ ಚೆಂಡು ಅರ್ಧಕ್ಕರ್ಧ ಎದುರಾಳಿಗೇ ಸೇರುತ್ತದೆ, ನಷ್ಟ ಅದು. 2019ರ ನಿಯಮ ಬದಲಾವಣೆಯ ನಂತರ ಗೋಲ್ ಕಿಕ್ (ಗೋಲಿನ ಮುಂದಿನಿಂದ ಆಟ ಮತ್ತೆ ಶುರುಮಾಡುವ ಒದೆತ) ಪೆನಾಲ್ಟಿ ಬಾಕ್ಸ್ ದಾಟಬೇಕಿಲ್ಲ. ನಮ್ಮ ಡಿಫೆಂಡರ್ ಬಾಕ್ಸಿನ ಒಳಗೇ ಚೆಂಡು ಪಡೆಯಬಹುದು, ಒದೆಯುವವರೆಗೆ ಎದುರಾಳಿ ಹೊರಗೇ ನಿಂತಿರಬೇಕು. ಅವರ ಗೋಲ್‌ಕೀಪರ್ ಅವರ ಕಂಬದ ಬಳಿಯೇ ಇರುವುದರಿಂದ ಲೆಕ್ಕದಲ್ಲಿ ನಾವು ಹನ್ನೊಂದು, ಒತ್ತಡ ಹಾಕುವವರು ಹೆಚ್ಚೆಂದರೆ ಹತ್ತು. ಎಲ್ಲೋ ಒಬ್ಬ ಖಾಲಿ ಇದ್ದೇ ಇರುತ್ತಾನೆ. ಅವನನ್ನು ಹುಡುಕುವುದೇ ಈ ಆಟ.

ತಪ್ಪುವುದು ಎಲ್ಲಿ ಎಂದು ಹತ್ತಿರದಿಂದ ನೋಡಿ. ಗೋಲ್‌ಕೀಪರ್ ಎಡಗಡೆಯ ಸೆಂಟರ್‌ಬ್ಯಾಕ್‌ಗೆ ಪಾಸ್ ಕೊಡುತ್ತಾರೆ. ಚೆಂಡು ಅವನ ಎಡಗಾಲಿಗೆ, ಅಂದರೆ ಗೆರೆಯ ಕಡೆಯ ಕಾಲಿಗೆ ಬಂದರೆ ಮೈ ಮೈದಾನಕ್ಕೆ ತೆರೆದುಕೊಂಡಿರುತ್ತದೆ, ಒಂದೇ ತಾಕಿನಲ್ಲಿ ಮುಂದಕ್ಕೆ ಆಡಬಹುದು. ಬಲಗಾಲಿಗೆ ಬಂದರೆ ಮುಖ ನಮ್ಮ ಗೋಲಿನ ಕಡೆಗೇ ತಿರುಗುತ್ತದೆ, ಎದುರಾಳಿ ಸ್ಟ್ರೈಕರ್‌ಗೆ ಬೇಕಾದದ್ದೇ ಅದು. ಅರ್ಧ ಮೀಟರಿನ ವ್ಯತ್ಯಾಸ! ಎರಡನೆಯ ಕಾರಣ ಮಿಡ್‌ಫೀಲ್ಡರ್ ಚೆಂಡು ಬರುವ ಮುಂಚೆ ಭುಜದಾಚೆ ತಿರುಗಿ ನೋಡದೇ ಇರುವುದು. ಇನ್ನೊಂದು, ಪಾಸಿನ ವೇಗ. ಮಳೆಯಲ್ಲಿ ನೀರು ನಿಂತ ಕಡೆ ಚೆಂಡು ನಡುವೆಯೇ ಸತ್ತುಹೋಗುತ್ತದೆ, ಅಂಥ ದಿನ ಎತ್ತಿ ಹೊಡೆಯುವುದೇ ಜಾಣತನ, ಅದನ್ನೂ ಮಾಡದ ಕೋಚನ್ನು ಧಾರಾಳವಾಗಿ ಟೀಕಿಸಿ.

ಎರಡು ಗೋಲೂ ಒಂದೇ ಬಗೆಯ ತಪ್ಪಿನಿಂದ ಬಂತೋ, ಬೇರೆ ಬೇರೆಯೋ? ಬೇರೆಯಾಗಿದ್ದರೆ ಕಲಿಯುತ್ತಿದ್ದಾರೆ. ಮೂರನೆಯ ಸಲವೂ ಅದೇ ಪಾಸ್, ಅದೇ ಕಾಲು ಆದರೆ ಅಭ್ಯಾಸದ ಮೈದಾನದಲ್ಲಿ ಯಾರೂ ತಿದ್ದಿಲ್ಲ.

ಮರಳಿ ಕಟ್ಟುವುದು ಅಂದರೆ ಹಿರಿಯರನ್ನೆಲ್ಲ ಕೂರಿಸುವುದೇ?
— ಓದುಗರು, ಕಡೂರು

ಅಲ್ಲ. ಸುನಿಲ್ ಛೆಟ್ರಿ 40 ತುಂಬಿದ ಮೇಲೆ 2024–25ರ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದರು. ಅದೇ ಸೀಸನ್ನಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹದಿಹರೆಯದ ವಿನಿತ್ ವೆಂಕಟೇಶ್ ಅವರದು. ಇಬ್ಬರಿಗೂ ಜಾಗವಿತ್ತು. ಹಿರಿಯರ ವಯಸ್ಸು ನೋಡಬೇಡಿ, ನಿಮಿಷ ನೋಡಿ. ವಾರಕ್ಕೆ ಎರಡು ಪಂದ್ಯವಿದ್ದಾಗಲೂ ಅವರನ್ನು 90 ನಿಮಿಷ ಆಡಿಸುತ್ತಿದ್ದರೆ ಅದು ತಪ್ಪು. ಐದು ಬದಲಿ ಆಟಗಾರರ ಅವಕಾಶ ಇರುವುದು ಅದಕ್ಕೇ.

ನಮ್ಮ ತಾಲ್ಲೂಕಿನ ತಂಡಕ್ಕೆ ಈ ವರ್ಷ ನಾನೇ ಕೋಚ್. ಇಪ್ಪತ್ತು ಹುಡುಗರು, ಹೆಚ್ಚಿನವರು ತೋಟದ ಕೆಲಸದವರು. ಮಳೆ ನಿಂತ ಮೇಲೆ ಟೂರ್ನಮೆಂಟಿಗೆ ಆರು ವಾರ. ಕೊಯ್ಲು ಜೋರಾದರೆ ಹುಡುಗರು ಸಿಗಲ್ಲ. ಊರವರು ಕಪ್ ಕೇಳ್ತಾರೆ. ಏನು ಮಾಡಲಿ?
— ಓದುಗರು, ಸಕಲೇಶಪುರ

ವಾರಕ್ಕೆ ಮೂರು ದಿನ ಸಿಕ್ಕರೆ ಹದಿನೆಂಟು ಅಭ್ಯಾಸ. ಒಂದೊಂದೂ 75 ನಿಮಿಷ ಮೀರದಿರಲಿ, ಇಡೀ ದಿನ ಇಳಿಜಾರಿನಲ್ಲಿ ದುಡಿದು ಬಂದ ಕಾಲುಗಳವು. ಮೈದಾನ ಸುತ್ತಿಸಿ ಓಡಿಸುವುದನ್ನು ಪೂರ್ತಿ ಬಿಡಿ. ದಮ್ಮು ಅವರಿಗೆ ಈಗಾಗಲೇ ಇದೆ, ಇಲ್ಲದ್ದು ಒಟ್ಟಾಗಿ ಚಲಿಸುವ ಅಭ್ಯಾಸ.

ಪ್ರತಿದಿನ ಮೊದಲ 20 ನಿಮಿಷ ‘ಫಿಫಾ 11+’ ವಾರ್ಮಪ್: 8 ನಿಮಿಷ ನಿಧಾನ ಓಟ, 10 ನಿಮಿಷ ಬಲ, ಸಮತೋಲನ ಮತ್ತು ಜಿಗಿತ, ಕೊನೆಯ 2 ನಿಮಿಷ ವೇಗದ ಓಟ. ಒದ್ದೆ ನೆಲದಲ್ಲಿ ಮೊಣಕಾಲು, ತೊಡೆಸಂದು ಹಿಡಿಯುವುದನ್ನು ಇದು ಕಡಿಮೆ ಮಾಡುತ್ತದೆ. ಆಮೇಲೆ 8 ಮೀಟರ್ ಚೌಕದಲ್ಲಿ ನಾಲ್ವರು ಹೊರಗೆ, ಇಬ್ಬರು ಒಳಗೆ, ಎರಡೇ ತಾಕಿನ ಪಾಸಾಟ. ಅದಾದ ಮೇಲೆ 30×20 ಮೀಟರಿನಲ್ಲಿ ಐದು ಐದು ಜನರ ಆಟ, 4 ನಿಮಿಷ ಆಡಿ 2 ನಿಮಿಷ ವಿಶ್ರಾಂತಿ, ಐದು ಸುತ್ತು. ಓಟವೂ ಆಯಿತು, ಚೆಂಡೂ ಕಾಲಲ್ಲಿತ್ತು.

ಮೂರು, ನಾಲ್ಕನೇ ವಾರ ರಕ್ಷಣೆಗೆ ಮೀಸಲು. ನಾಲ್ವರು ಡಿಫೆಂಡರ್‌ಗಳ ಸೊಂಟಕ್ಕೆ ಎಂಟು ಮೀಟರಿನ ಅಂತರ ಬಿಟ್ಟು ಹಗ್ಗ ಕಟ್ಟಿ, ನಡೆದಾಡುವ ವೇಗದಲ್ಲಿ ಮಾತ್ರ ಎಡಕ್ಕೆ ಬಲಕ್ಕೆ ಸರಿಸಿ. ಒಬ್ಬ ಸರಿದು ಇನ್ನೊಬ್ಬ ನಿಂತರೆ ಹಗ್ಗವೇ ಎಳೆದು ಹೇಳುತ್ತದೆ. ಮಿಡ್‌ಫೀಲ್ಡ್ ಸಾಲು ಅವರಿಂದ 10–12 ಮೀಟರ್ ಮುಂದೆ. ಹಗ್ಗ ಕಟ್ಟಿಕೊಂಡು ಓಡಿಸಬೇಡಿ, ಬೀಳುತ್ತಾರೆ. ಐದನೇ ವಾರ ಎರಡು ಸ್ನೇಹ ಪಂದ್ಯ, ಜೊತೆಗೆ ಕಾರ್ನರಿನ ಎರಡೇ ಎರಡು ಯೋಜನೆ. ಕೊನೆಯ ವಾರ ಕೆಲಸ ಅರ್ಧಕ್ಕಿಳಿಸಿ.

ಹೊಸ ಕೋಚ್‌ಗಳು ಕೆಡುವುದು ಎರಡು ಕಡೆ. ಒಂದು ಸೋಲಿಗೇ ಫಾರ್ಮೇಶನ್ (ಆಟಗಾರರನ್ನು ನಿಲ್ಲಿಸುವ ಕ್ರಮ) ಬದಲಿಸುತ್ತಾರೆ, ಅಥವಾ ದಿನವೂ ಪೂರ್ತಿ ಮ್ಯಾಚ್ ಆಡಿಸಿ ಅಭ್ಯಾಸ ಎನ್ನುತ್ತಾರೆ. ಚೆಂಡು 5ನೇ ಸೈಜಿನದು, ಗಾಳಿ 8.5ರಿಂದ 15.6 ಪಿಎಸ್‌ಐ ಒಳಗಿರಲಿ. ಗೇಜ್ ಇರುವ ಪಂಪ್ ಒಂದು ಇಟ್ಟುಕೊಳ್ಳಿ, ಕಲ್ಲಿನಂಥ ಚೆಂಡಿನಲ್ಲಿ ಪಾಸ್ ಕಲಿಯುವುದು ಕಷ್ಟ.

ಊರವರನ್ನು ಮೊದಲ ವಾರವೇ ಕೂರಿಸಿ ಹೇಳಿ: ‘ಹೋದ ವರ್ಷ ತಿಂದಷ್ಟು ಗೋಲುಗಳನ್ನು ಅರ್ಧಕ್ಕೆ ಇಳಿಸುತ್ತೇನೆ, ಕಪ್ಪಿನ ಮಾತು ಮುಂದಿನ ವರ್ಷಕ್ಕೆ.’ ಅಳೆಯಬಹುದಾದ ಮಾತು ಕೊಟ್ಟರೆ ಜನ ಕಾಯುತ್ತಾರೆ.

ಹಾಗಾದರೆ ಕೋಚ್ ಬೇಡ ಅನ್ನೋದು ಯಾವಾಗ?
— ಓದುಗರು, ಅರಸೀಕೆರೆ

ತಾವೇ ಕೇಳಿ ತರಿಸಿಕೊಂಡ ಆಟಗಾರರನ್ನು ಬೆಂಚಿನಲ್ಲಿ ಕೂರಿಸತೊಡಗಿದಾಗ. ಪೂರ್ತಿ ತಯಾರಿ ಸಿಕ್ಕ ಮೇಲೂ ಅದೇ ಬಗೆಯ ಗೋಲು ನಾಲ್ಕೈದು ಪಂದ್ಯ ತಿಂದಾಗ. ಒಬ್ಬನನ್ನೇ ಇಂದು ಫುಲ್‌ಬ್ಯಾಕ್, ನಾಳೆ ವಿಂಗರ್, ನಾಡಿದ್ದು ಮಿಡ್‌ಫೀಲ್ಡರ್ ಮಾಡಿದಾಗ. ಬರೀ ಕಪ್ ನೋಡಿಯೂ ಹೇಳಲಾಗದು. 2025ರಲ್ಲಿ ಇಂಗ್ಲೆಂಡಿನ ಟಾಟೆನ್‌ಹ್ಯಾಮ್ ಯೂರೋಪಾ ಲೀಗ್ ಗೆದ್ದಿತು, ಅದೇ ಸೀಸನ್ ಲೀಗಿನಲ್ಲಿ 17ನೇ ಸ್ಥಾನ. ಕಪ್ ಎತ್ತಿದ ತಿಂಗಳೊಳಗೆ ಕೋಚ್ ಆಂಜ್ ಪೋಸ್ಟೆಕೊಗ್ಲು ಕೆಲಸ ಕಳೆದುಕೊಂಡರು. ಆ ತೀರ್ಮಾನದ ಬಗ್ಗೆ ಅಭಿಮಾನಿಗಳು ಇಬ್ಭಾಗವಾಗಿದ್ದರಲ್ಲಿ ಆಶ್ಚರ್ಯವಿಲ್ಲ, ಎರಡೂ ಕಡೆ ನ್ಯಾಯವಿತ್ತು. ಕೂಗುವುದಿದ್ದರೆ ಆಟಗಾರರನ್ನು ಕೊಂಡವರ ಕಡೆಗೂ ಕೂಗಿ, ಕೋಚ್ ಬದಲಾದರೂ ಅವರು ಅಲ್ಲೇ ಇರುತ್ತಾರೆ.

ಮೊದಲ ಸಲ ಕಂಠೀರವಕ್ಕೆ ಬರ್ತಿದ್ದೇವೆ. ನೀವು ಹೇಳುವ ಈ ‘ಸಾಲು’, ‘ಅಂತರ’ ಎಲ್ಲಿ ಕೂತರೆ ಕಾಣುತ್ತೆ?
— ಓದುಗರು, ಬೇಲೂರು

ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲಿನಲ್ಲಿ ಕೂತರೆ ಎಲ್ಲರೂ ಒಂದೇ ಗೆರೆಯಲ್ಲಿ ನಿಂತಂತೆ ಕಾಣುತ್ತಾರೆ. ಗೋಲಿನ ಹಿಂದೆ ಬೇಡ, ಉದ್ದಬದಿಯ ಸ್ಟ್ಯಾಂಡಿನಲ್ಲಿ ನಡುಗೆರೆಯ ಹತ್ತಿರ ಸಾಧ್ಯವಾದಷ್ಟು ಮೇಲೆ ಕೂತುಕೊಳ್ಳಿ. ಪಂದ್ಯ ರಾತ್ರಿ 7.30ಕ್ಕಿದ್ದರೆ 6.45ಕ್ಕೇ ಒಳಗಿರಿ, ವಾರ್ಮಪ್‌ನಲ್ಲಿ ಡಿಫೆಂಡರ್‌ಗಳು ಗೋಲ್‌ಕೀಪರ್ ಜೊತೆ ಯಾವ ಪಾಸ್ ಆಡುತ್ತಾರೆ ಎಂಬುದು ಟಿವಿಯಲ್ಲಿ ಕಾಣುವುದಿಲ್ಲ. ಮೊದಲ ಹದಿನೈದು ನಿಮಿಷ ಚೆಂಡನ್ನು ನೋಡಬೇಡಿ. ಚೆಂಡು ಎದುರಾಳಿಯ ಬಳಿ ಇರುವಾಗ ನಮ್ಮ ನಾಲ್ವರು ಡಿಫೆಂಡರ್‌ಗಳನ್ನಷ್ಟೇ ನೋಡಿ. ಮುಗಿಯುವಾಗ ಒಂಬತ್ತೂವರೆ ಹತ್ತಿರವಾಗುತ್ತದೆ, ಮೆಜೆಸ್ಟಿಕ್‌ನಿಂದ ಹಾಸನದ ರಾತ್ರಿ ಬಸ್ಸಿಗೆ ಮೊದಲೇ ಸೀಟು ಕಾದಿರಿಸಿಕೊಂಡು ಬನ್ನಿ.