ಮೂವರು ರೋಗಿಗಳಲ್ಲಿ ಮಾತ್ರ ಕಂಡ ವೇರಿಯಂಟ್: ರೋಗಕ್ಕೆ ಅದೇ ಕಾರಣ ಅನ್ನಬಹುದಾ?

1,000 ರೋಗಿಗಳು, 1,000 ಆರೋಗ್ಯವಂತರು. ಒಂದು ವೇರಿಯಂಟ್ (ಡಿಎನ್‌ಎಯಲ್ಲಿನ ಬದಲಾವಣೆ) ಮೂವರು ರೋಗಿಗಳಲ್ಲಿದೆ, ಆರೋಗ್ಯವಂತರಲ್ಲಿ ಯಾರಲ್ಲೂ ಇಲ್ಲ. ಇಷ್ಟು ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು. ವೇರಿಯಂಟ್‌ಗೂ ರೋಗಕ್ಕೂ ಸಂಬಂಧವೇ ಇಲ್ಲದಿದ್ದರೆ, ಅದು ಯಾವ ಗುಂಪಿನಲ್ಲಿ ಸಿಗುತ್ತದೆ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ನಾಣ್ಯವನ್ನು ಮೂರು ಸಲ ಚಿಮ್ಮಿದರೆ ಮೂರೂ ಸಲ ಒಂದೇ ಮುಖ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮ್ಮ ಪಿ ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ) ಕೂಡ ಅಷ್ಟೇ, ಸುಮಾರು 0.25.

ಅದಕ್ಕೇ ಅಪರೂಪದ ವೇರಿಯಂಟ್‌ಗಳನ್ನು ಒಂದೊಂದಾಗಿ ನೋಡದೆ ಇಡೀ ಜೀನಿಗೆ ಸೇರಿಸಿ ಎಣಿಸುತ್ತೇವೆ. ಇದು ಬರ್ಡನ್ ಟೆಸ್ಟ್. ಆ ಜೀನಿನಲ್ಲಿ ಏನಾದರೊಂದು ಕೆಟ್ಟ ವೇರಿಯಂಟ್ ಇರುವವರು 20 ರೋಗಿಗಳು, 4 ಆರೋಗ್ಯವಂತರು ಅಂದುಕೊಳ್ಳಿ. ಪಿ ವ್ಯಾಲ್ಯೂ 0.0015ರ ಹತ್ತಿರ ಬರುತ್ತದೆ. ಮೊದಲೇ ಆರಿಸಿಕೊಂಡ ಒಂದೇ ಜೀನ್ ಆದರೆ ಒಳ್ಳೆಯ ಸುಳಿವು. ಸುಮಾರು 20,000 ಜೀನ್ ಜಾಲಾಡಿದಾಗ ಸಿಕ್ಕಿದ್ದಾದರೆ ಸಾಲದು. ಆಗ ಸಾಮಾನ್ಯ ಮಿತಿಯಾದ 0.05ನ್ನು 20,000ದಿಂದ ಭಾಗಿಸಿ, 0.0000025ಕ್ಕಿಂತ ಕೆಳಗೆ ಬರಬೇಕು.

ಬರ್ಡನ್ ಸಾಕಾ, ಸ್ಕ್ಯಾಟ್ (SKAT) ಅನ್ನುವ ಇನ್ನೊಂದು ಟೆಸ್ಟ್ ಬೇಕಾ ಅನ್ನುವುದು ಜೀನಿನ ಗುಣದ ಮೇಲೆ ಹೋಗುತ್ತದೆ. ಪಿಸಿಎಸ್‌ಕೆ9 ಅನ್ನುವ ಜೀನ್ ನೋಡಿ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಈ ಜೀನಿನ ಬದಲಾವಣೆ ಕೊಲೆಸ್ಟ್ರಾಲ್ ವಿಪರೀತ ಏರಿಸುವುದು ಕಂಡಿತು. 2006ರಲ್ಲಿ ಜೊನಾಥನ್ ಕೋಹೆನ್ ಮತ್ತು ಹೆಲೆನ್ ಹಾಬ್ಸ್ ತಂಡ ಅಮೆರಿಕದ ಕಪ್ಪು ಜನರಲ್ಲಿ ಇದಕ್ಕೆ ಪೂರ್ತಿ ಉಲ್ಟಾ ತೋರಿಸಿತು. ಜೀನನ್ನು ಕೆಡಿಸುವ ವೇರಿಯಂಟ್ ಇದ್ದವರಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 28% ಕಡಿಮೆ, ಹೃದ್ರೋಗ 88% ಕಡಿಮೆ! ಒಂದೇ ಜೀನ್, ಎರಡು ದಿಕ್ಕು. ಇವನ್ನು ಸುಮ್ನೆ ಕೂಡಿಸಿದರೆ ಏರಿದ್ದೂ ಇಳಿದದ್ದೂ ವಜಾ ಆಗಿಬಿಡುತ್ತವೆ. 2011ರಲ್ಲಿ ಬಂದ ಸ್ಕ್ಯಾಟ್ ಒಂದೊಂದು ವೇರಿಯಂಟ್‌ನ ಪರಿಣಾಮವನ್ನು ವರ್ಗ ಮಾಡಿ (ಅಂದರೆ ಅದನ್ನು ಅದರಿಂದಲೇ ಗುಣಿಸಿ, ಮೈನಸ್ ಕೂಡ ಪ್ಲಸ್ ಆಗುವಂತೆ) ಆಮೇಲೆ ಕೂಡಿಸುತ್ತದೆ, ಹಾಗಾಗಿ ದಿಕ್ಕು ತೊಂದರೆ ಕೊಡುವುದಿಲ್ಲ. ಹೆಚ್ಚಿನವು ಒಂದೇ ದಿಕ್ಕಿನವಾದರೆ ಮಾತ್ರ ಬರ್ಡನ್ನೇ ಗಟ್ಟಿ. ಗೊತ್ತಿಲ್ಲದಿದ್ದರೆ ಎರಡನ್ನೂ ಬೆರೆಸುವ ಸ್ಕ್ಯಾಟ್-ಓ ಹಾಕಿ. ನಾನು ಹಾಕುವುದೂ ಅದನ್ನೇ.

"ಅಪರೂಪ" ಅನ್ನುವ ಮೊದಲು ನಮ್ಮ ಜನರ ಡೇಟಾದಲ್ಲಿ ಹುಡುಕಿ. ಹೃದಯದ ಸ್ನಾಯುವಿಗೆ ಬೇಕಾದ ಎಂವೈಬಿಪಿಸಿ3 ಜೀನಿನಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರುವ ಬದಲಾವಣೆ ಯುರೋಪಿನವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಭಾರತದಲ್ಲಿ ಸುಮಾರು 4% ಜನರಲ್ಲಿದೆ ಎಂದು 2009ರಲ್ಲಿ ಗೊತ್ತಾಯಿತು.

ನಾನು ಎಡವಿದ ಜಾಗವನ್ನೂ ಹೇಳಲೇಬೇಕು. ನಮ್ಮ ರೋಗಿಗಳ ಸೀಕ್ವೆನ್ಸಿಂಗ್ (ಡಿಎನ್‌ಎ ಓದುವುದು) ಒಂದು ಲ್ಯಾಬಿನಲ್ಲಿ, ಕಂಟ್ರೋಲ್‌ಗಳದ್ದು (ಹೋಲಿಕೆಗೆ ಇಟ್ಟುಕೊಂಡ ಆರೋಗ್ಯವಂತರದ್ದು) ಇನ್ನೊಂದರಲ್ಲಿ ಆಗಿತ್ತು. ಒಂದು ಜೀನ್ ಎದ್ದು ಕಂಡಿತು. ವಾರವಿಡೀ ಖುಷಿಯಲ್ಲಿದ್ದೆ. ಆಮೇಲೆ ಪ್ರೋಟೀನನ್ನು ಬದಲಿಸದ ಸಿನಾನಿಮಸ್ ವೇರಿಯಂಟ್‌ಗಳನ್ನಷ್ಟೇ ಎಣಿಸಿದೆ. ಅವು ಸಾಮಾನ್ಯವಾಗಿ ಎರಡೂ ಗುಂಪಿನಲ್ಲಿ ಸಮ ಇರಬೇಕು, ಆದರೆ ಅವೂ ರೋಗಿಗಳಲ್ಲೇ ಜಾಸ್ತಿ! ಕಂಟ್ರೋಲ್‌ಗಳಲ್ಲಿ ಆ ಜಾಗ ಸರಿಯಾಗಿ ಓದಿಯೇ ಇರಲಿಲ್ಲ. ನೀವೂ ಮೊದಲು ಇದನ್ನು ಎಣಿಸಿ. ಎರಡೂ ಗುಂಪಿನಲ್ಲಿ ಸಮ ಬಂದರೆ ಇಲ್ಲೇ ತಿಳಿಸಿ, ಮುಂದಿನ ಲೆಕ್ಕ ಒಟ್ಟಿಗೆ ನೋಡೋಣ.